ದೊಡ್ಡಸಿದ್ದಯ್ಯನ ಬಲಗೈ

ಹೆಣದ ಎರಡೂ ಹೆಬ್ಬೆರಳು ಜೋಡಿಸಿ ದಾರ ಸುತ್ತುತ್ತಿದ್ದ ಸಿದ್ದರಾಮುವಿನ ಮಣಿಕಟ್ಟನ್ನು ಗುಡಿ ಯಜಮಾನ ಚಲುವರಾಜು ಹಿಡಿದುಕೊಂಡ.

"ಬಲಗೈ ಕಟ್ಬ್ಯಾಡ ಕಣ್ಲಾ. ಈಚೆಗೆ ಬುಡು. ಜನ ಮುಟ್ಟಿ ಕಣ್ಗೊತ್ಕಳಾಕೆ ಬತ್ತಾವ್ರೆ."

"ಎಣದ ಕೈ ಕಟ್ದೆ ಬುಟ್ಟೋರುಂಟೇನಣ್ಣ?"

"ಎಲ್ಲಾರ ಕೈಯಂಗಾ ಇದು? ಪಟ್ಟಲದಮ್ಮ ಕುಣುದಿರೋ ಕೈ."

ಗೋಡೆಗೆ ಒರಗಿಸಿ ಕೂರಿಸಿದ್ದ ದೊಡ್ಡಸಿದ್ದಯ್ಯನ ಪಕ್ಕದಲ್ಲೇ ಮಗಳು ದೀಪಿಕ ಕುಳಿತಿದ್ದಳು. ಬೆಳಗಿನ ಜಾವ ಉಸಿರು ನಿಂತಾಗಿನಿಂದ ಅವಳು ಆ ಕೈಯನ್ನೇ ನೋಡುತ್ತಿದ್ದಳು. ನಿದ್ದೆಯಲ್ಲಿ ಬಿಟ್ಟರೆ, ಹನ್ನೊಂದು ವರ್ಷದಲ್ಲಿ ಅದು ತಾನಾಗಿ ಇಷ್ಟು ಹೊತ್ತು ಸುಮ್ಮನಿದ್ದದ್ದು ಇದೇ ಮೊದಲು.

"ಕಟ್ಬುಡಿ ಮಾವ," ಎಂದಳು. "ಇವತ್ತೊಂದಿನಾದ್ರೂ ಅದ್ನ ಅದರ ಪಾಡ್ಗೆ ಬುಟ್ಬುಡಿ. ಯಾರೂ ಮುಟ್ಟೋದ್ ಬ್ಯಾಡ."

"ನೀನು ಮಂಡ್ಯ ಸೇರ್ಕಂಡೋಳು. ನಿಂಗೆ ಊರ ಸಂಗ್ತಿ ತಿಳಿಯಾಕಿಲ್ಲ ಸುಮ್ಕಿರವ್ವ," ಎಂದ ಚಲುವರಾಜು.

ಸಿದ್ದರಾಮು ದಾರ ಹಿಡಿದುಕೊಂಡೇ ತನ್ನ ಅಕ್ಕನ ಮುಖ ನೋಡಿದ. ಗಂಡನ ಕಾಲ ಬಳಿ ಕುಳಿತಿದ್ದ ಅಂಕಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು.

"ಇರ್ಲಿ ಬುಡ್ಲಾ. ಊರೋರ ಮಾತ ಮೀರಾಕಾದದಾ?"

ಬಲಗೈ ಈಚೆ ಉಳಿಯಿತು.

*

ದೊಡ್ಡಸಿದ್ದಯ್ಯ ಸೈಕಲ್ ರಿಪೇರಿಯವನು. ಹನಕೆರೆ ಸ್ಟೇಷನ್ ರಸ್ತೆಯಲ್ಲಿ ಹುಣಸೆಮರದ ಕೆಳಗೆ ಅವನ ಅಂಗಡಿ. ಬೆಂಡಾದ ಚಕ್ರವನ್ನು ತಿರುಗಿಸಿ, ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸಿ ನೇರ ಮಾಡುವುದರಲ್ಲಿ ಸುತ್ತಮುತ್ತ ಅವನನ್ನು ಮೀರಿಸಿದವರಿರಲಿಲ್ಲ. ಐವತ್ತೇಳನೆಯ ವಯಸ್ಸಿಗೆ ಬಲಗೈ ಅದುರತೊಡಗಿತು. ಮೊದಲು ಸ್ಪ್ಯಾನರು ಜಾರಿತು, ಆಮೇಲೆ ಕಾಫಿ ಲೋಟ, ಕೊನೆಗೆ ಅಂಗಡಿಯೇ ಜಾರಿಹೋಯಿತು.

ಒಂದು ಶುಕ್ರವಾರ ಪಟ್ಟಲದಮ್ಮನ ಗುಡಿಯಲ್ಲಿ ಮಂಗಳಾರತಿ ತಟ್ಟೆಗೆ ಒಡ್ಡಿದ ಕೈ ನಿಲ್ಲದೆ ಕುಣಿಯಿತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು, "ಅವ್ವ ಬಂದವ್ಳೆ!" ಎಂದು ಕಾಲಿಗೆ ಬಿದ್ದು, ತನ್ನ ಕೂಸಿನ ತಲೆಯ ಮೇಲೆ ಆ ಕೈ ಇಡಿಸಿಕೊಂಡಳು. ಮರುದಿನ ಕೂಸಿನ ಜ್ವರ ಇಳಿಯಿತು. ಊರಿಗೆ ಅಷ್ಟೇ ಸಾಕಾಯಿತು.

"ಅವ್ವ ಅಲ್ಲ ಕಣ್ರಪ್ಪ, ಕಾಯ್ಲೆ," ಎಂದು ಅವನು ಹೇಳಿದ. ಹೇಳಿದಷ್ಟೂ ಜನ ಕೈ ಮುಗಿದರು. ಮೈಮೇಲೆ ದೇವರು ಬರುವವರು ಅದನ್ನು ತಾವಾಗಿ ಒಪ್ಪಿಕೊಳ್ಳುವುದುಂಟೆ! ಅವನಾದರೋ ದಿನವೂ ಗುಡಿಯ ಮುಂದೆ ನಿಂತು ಬೇಡುತ್ತಿದ್ದ: "ತಾಯಿ, ನೀನೇ ಆಗಿದ್ರೆ ಮಾತಾಡು. ಕಾಯ್ಲೆ ಆಗಿದ್ರೆ ವಾಸಿ ಮಾಡು."

ತಾಯಿ ಎರಡನ್ನೂ ಮಾಡಲಿಲ್ಲ.

*

ಹೊತ್ತೇರಿದಾಗ ಮದ್ದೂರಿನಿಂದ ಹಮೀದ್ ಬಂದ. ಹಿಂದೆ ಅದೇ ಹುಣಸೆಮರದ ಕೆಳಗೆ ಪಂಕ್ಚರ್ ಹಾಕುತ್ತಿದ್ದವನು.

"ಏನ್ ದೊಡ್ಡಸಿದ್ದಣ್ಣ, ನನ್ನ ಪಂಪು ಈಸ್ಕೊಂಡು ಕೊಡ್ದೇನೇ ಹೊಂಟ್ಬಿಟ್ಯಲ್ಲೋ," ಎಂದು ಹೆಣವನ್ನೇ ಕೇಳಿದ.

"ಕೊಟ್ಟಿದ್ರೆ ನೀನು ಗಾಳಿ ಒಡೀತಿದ್ದೇನ್ ಸಾಬಣ್ಣ? ನಿಂಗೇ ಉಬ್ಸ," ಎಂದ ಸಿದ್ದರಾಮು. ನಾಲ್ಕು ಜನ ನಕ್ಕರು. ಹಮೀದ್ ನಗಲು ಹೋಗಿ ಅತ್ತ.

ಜನ ಸಾಲಾಗಿ ಬಂದು ಬಲಗೈ ಮುಟ್ಟಿ ಕುಂಕುಮ ಹಚ್ಚುತ್ತಿದ್ದರು. ದೀಪಿಕ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಮತ್ತೆ ಹಚ್ಚುತ್ತಿದ್ದರು.

"ಆ ಕರೆಂಟಿನ ಪಟ್ಟಿ ಏನಾಯ್ತಮ್ಮ?" ಎಂದ ಹಮೀದ್ ಮೆಲ್ಲಗೆ. "ಅದನ್ನ ಕಟ್ಕೊಂಡು ಒಂದಿನ ನಮ್ಮಂಗಡಿಗೆ ಬಂದಿದ್ದ. ಟೀ ಕುಡುದ, ಒಂದು ತೊಟ್ಟು ಚೆಲ್ಲಿಲ್ಲ. ಇನ್ನೊಂದು ತರ್ಸೋ ಅಂದ."

"ಅಪ್ಪನೇ ಬಿಚ್ಚಾಕ್ಬುಟ್ರು ಹಮೀದಣ್ಣ."

*

ದೀಪಿಕ ಮಂಡ್ಯದ ಒಂದು ಫಿಸಿಯೋಥೆರಪಿ ಸೆಂಟರಿನಲ್ಲಿ ಚೀಟಿ ಬರೆಯುತ್ತಿದ್ದಳು. ಹೋದ ವರ್ಷ ಅಲ್ಲಿಗೆ ಪರೀಕ್ಷೆಗೆಂದು ಒಂದು ಯಂತ್ರ ಬಂತು. ಬೆಂಕಿಪೊಟ್ಟಣದಷ್ಟು ಡಬ್ಬಿ, ತೆಳು ವೈರು, ಮುಂಗೈಗೆ ಅಂಟಿಸುವ ನಾಲ್ಕು ಬಿಲ್ಲೆ, ಮೇಲೊಂದು ಪಟ್ಟಿ. ಕೈ ಒಂದು ಕಡೆಗೆ ಅದುರಲು ಹೋದರೆ, ಎದುರು ಕಡೆಯ ಸ್ನಾಯುವಿಗೆ ಸಣ್ಣಗೆ ಕರೆಂಟು ಕೊಟ್ಟು ಎಳೆದು ಹಿಡಿಯುತ್ತಿತ್ತು.

"ಇದರಿಂದ ವಾಸಿಯಾಗಲ್ಲ. ಹಾಕ್ಕೊಂಡಿರೋಷ್ಟು ಹೊತ್ತು ಕಮ್ಮಿ ಇರುತ್ತೆ, ಅಷ್ಟೆ," ಎಂದರು ಡಾಕ್ಟರಮ್ಮ.

"ಅಷ್ಟೇ ಸಾಕು ಕಣವ್ವ," ಎಂದ ದೊಡ್ಡಸಿದ್ದಯ್ಯ. ಅಂದು ಮಧ್ಯಾಹ್ನ, ಹತ್ತು ವರ್ಷದ ಮೇಲೆ, ತನ್ನ ಕೈಯಾರೆ ಮುದ್ದೆ ಮುರಿದು ಸಾರಿಗೆ ಅದ್ದಿದ. ಬಾಯಿಗಿಡುವ ಮುನ್ನ ಆ ತುತ್ತನ್ನು ಬಹಳ ಹೊತ್ತು ಹಾಗೇ ಹಿಡಿದಿದ್ದ.

ಆ ವಾರ ಊರಿನ ಚಿಕ್ಕಬೋರಮ್ಮ ಜ್ವರದ ಮೊಮ್ಮಗನನ್ನು ಎತ್ತಿಕೊಂಡು ಗುಡಿಗೆ ಬಂದಳು. ದೊಡ್ಡಸಿದ್ದಯ್ಯನ ತುಂಬುತೋಳಿನ ಅಂಗಿಯೊಳಗೆ ಪಟ್ಟಿ ಇತ್ತು. ಕೈ ಕೂಸಿನ ತಲೆಯ ಮೇಲೆ ಸುಮ್ಮನೆ ಕುಳಿತಿತು.

"ಆಸ್ಪತ್ರೆಗೆ ಕರ್ಕಂಡೋಗು," ಎಂದ. ಅವಳು ಹೋದಳು, ಎರಡು ದಿನ ಕಾದು. ಡೆಂಗಿ ಅಂದರು. ಕೂಸು ಉಳಿಯಲಿಲ್ಲ.

ಮಣ್ಣು ಮಾಡಿದ ಮೂರನೆಯ ದಿನ ಅವಳು ಅವನ ಬಾಗಿಲಿಗೆ ಬಂದಳು. ಬೈಯಲಿಲ್ಲ. "ಅಣ್ಣಯ್ಯ, ನನ್ ಕೂಸ್ಗೆ ಮಾತ್ರ ಯಾಕೆ ಕೈ ಅಲ್ಲಾಡ್ನಿಲ್ಲ?" ಎಂದಷ್ಟೇ ಕೇಳಿದಳು.

ಅವಳು ಹೋದ ಮೇಲೆ ದೊಡ್ಡಸಿದ್ದಯ್ಯ ಬಿಲ್ಲೆಗಳನ್ನು ಒಂದೊಂದಾಗಿ ಕಿತ್ತ.

"ಡೆಂಗಿ ಕಣಪ್ಪ ಅದು! ನಿನ್ ಕೈಗೂ ಅದ್ಕೂ ಏನ್ ಸಂಬಂಧ?" ಎಂದು ದೀಪಿಕ ಕೂಗಾಡಿದಳು.

"ನಂಗೊತ್ತು ಕಣವ್ವ. ಅವ್ಳಿಗೆ ಗೊತ್ತಿಲ್ವಲ್ಲ."

ಅಂದಿನಿಂದ ಮತ್ತೆ ಅಂಕಮ್ಮನೇ ತುತ್ತು ಕೊಟ್ಟಳು.

*

ಚಟ್ಟ ಸಿದ್ಧವಾಗಿ, ತಮಟೆ ಕಾಯಿಸುತ್ತಿದ್ದಾಗ ಚಿಕ್ಕಬೋರಮ್ಮ ಜನರನ್ನು ಸರಿಸಿಕೊಂಡು ಬಂದಳು. ಸೊಂಟದ ಮೇಲೆ ಎರಡು ವರ್ಷದ ಮೊಮ್ಮಗಳು.

ದೀಪಿಕ ಎದ್ದು ಅಡ್ಡ ನಿಂತಳು. "ಬ್ಯಾಡ ಕಣತ್ತೆ. ಸಾಕು."

"ಇದೊಂದೇ ಉಳ್ದಿರೋದು ಕಣವ್ವ. ನೆನ್ನೆಯಿಂದ ಮೈ ಸುಡ್ತಾ ಅದೆ."

ದೀಪಿಕ ಮಗುವಿನ ಕತ್ತು ಮುಟ್ಟಿ ನೋಡಿದಳು. "ಆಸ್ಪತ್ರೆಗೆ ಓಗತ್ತೆ. ಈಗ್ಲೇ ಓಗು, ನಿನ್ ಕಾಲ್ಗ್ ಬೀಳ್ತೀನಿ."

"ಓಯ್ತೀನಿ. ಅಣ್ಣಯ್ಯ ಮೊದ್ಲು ಕೈ ಮಡಗ್ಲಿ."

"ಬುಡವ್ವ, ದಾರಿ ಬುಡು," ಎಂದು ಚಲುವರಾಜು ದೀಪಿಕಳ ತೋಳು ಹಿಡಿದು ಪಕ್ಕಕ್ಕೆ ಎಳೆದ.

ಚಿಕ್ಕಬೋರಮ್ಮ ಮಗುವನ್ನು ಹೆಣದ ತೊಡೆಗೆ ಒತ್ತಿ ನಿಲ್ಲಿಸಿ, ಸೆಟೆಯುತ್ತಿದ್ದ ಕೈಯನ್ನು ಎತ್ತಿ ಅದರ ತಲೆಯ ಮೇಲಿಟ್ಟಳು. ಕಾದಳು. ಜನವೂ ಮಾತು ನಿಲ್ಲಿಸಿ ಕಾಯಿತು. ಕೈ ಅಲ್ಲಾಡಲಿಲ್ಲ.

ಆಗ ಅವಳು ಆ ಮಣಿಕಟ್ಟನ್ನು ತನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಅಲ್ಲಾಡಿಸತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಬಳೆಗಳೆಲ್ಲ ಸದ್ದು ಮಾಡುವಂತೆ. ಸುತ್ತ ಒಬ್ಬೊಬ್ಬರಾಗಿ ಕೈ ಮುಗಿದರು. ತಣ್ಣನೆಯ ಬೆರಳುಗಳು ಹಣೆಗೆ ತಟ್ಟಿದಾಗಲೆಲ್ಲ ಮಗು ಕಣ್ಣು ಮುಚ್ಚಿ ತೆರೆಯುತ್ತಿತ್ತು.