ಐದನೇ ವಾಯರ್

ಏ, ನಗಬ್ಯಾಡ್ರಿ. ಮುದುಕಗ ಮರವು ಹತ್ತೈತಿ ಅಂತ ಗ್ರೂಪಿನ್ಯಾಗ ಬರದಾಂವ ಯಾಂವ ಅಂತ ನನಗ ಗೊತ್ತೈತಿ. ನಿನ್ನಿ ಏನು ಉಂಡ್ರಿ ಅಂತ ನಿಮಗ ನೆನಪಿಲ್ಲ, ನನ್ನ ನೆನಪು ತೂಗಾಕ ಬಂದೀರಿ. ಸುಮ್ನ ಕೇಳ್ರಿ.

ಗೋಕುಲ ರೋಡಿನ್ಯಾಗ ಮದವಿ ವಿಡಿಯೋ ತಗಿಯೋ ಗುರುಪಾದ ಅದಾನಲ್ಲ, ಅವನ ಜೋಡಿ ಇಪ್ಪತ್ತು ವರ್ಷ ಮೈಕ್ ನೋಡಿದಾಂವ ದ್ಯಾಮಣ್ಣ. ಹ್ವಾದ ಶ್ರಾವಣದಾಗ ತೀರಿಕೊಂಡ. ಮಣ್ಣು ಕೊಡೂ ಮುಂದ ಗುರುಪಾದ, ದ್ಯಾಮಣ್ಣ ಕೆಂಪು ದಾರ ಕಟ್ಟಿ ಇಟಗೊಂಡಿದ್ದ ಮೈಕಿನ ವಾಯರ್ ತಂದು, ಕುಂದರಿಸಿದ್ದ ಹೆಣದ ತೊಡಿ ಮ್ಯಾಲ ಇಟ್ಟ. ಹೆಣದ ಜೋಡಿ ಅದೂ ಮಣ್ಣಾಗ ಹ್ವಾತು.

ತಿಂಗಳಾದ ಮ್ಯಾಲ ದ್ಯಾಮಣ್ಣನ ಹೆಂಡ್ತಿ ಶಿವಬಸವ್ವ ಬಂದ್ಲು. ಫೋಟೋ ಬ್ಯಾಡ, ಅವರ ದನಿ ಒಂದ್ಸಲ ಕೇಳಸ್ರಿ ಅಂದ್ಲು. ಗುರುಪಾದ ಎಲ್ಲಾ ಹುಡುಕಿದ. ಎಲ್ಲೂ ಇಲ್ಲ. ಹ್ಯಾಂಗ ಇರ್ತೈತಿ? ದ್ಯಾಮಣ್ಣ ಮೈಕ್ ಹಿಡದು ಆವಾಜ್ ಬರಾಕತ್ತೈತೇನು ಅಂತ ಕೇಳತಿದ್ದ, ಗುರುಪಾದ ಬಂತು ಸಾಕು ಅಂದು ಆಮ್ಯಾಲ ರೆಕಾರ್ಡ್ ಒತ್ತತಿದ್ದ. ಊರ ಮಂದಿ ದನಿ ಐತಿ, ಮೈಕ್ ಹಿಡದಾಂವಂದ ಇಲ್ಲ.

ದ್ಯಾಮಣ್ಣ ಹ್ವಾದ ಮ್ಯಾಲ ಚೀಲದಾಗ ವಾಯರೆಲ್ಲಾ ಶಾವಗಿ ಆಗಿದ್ವು. ತಾರಿಹಾಳದ ಹುಡುಗ ಸುಫಿಯಾನ, ಪ್ಲಾಸ್ಟಿಕ್ ಕರಗಿಸಿ ಸಾಮಾನು ತಗಿಯೋ ಹಳೇ ತ್ರೀಡಿ ಪ್ರಿಂಟರ್ ಕೊಟ್ಟ. ಗುರುಪಾದ ಮನ್ಯಾಗ ಕುಂತು, ಹಣಗಿಯಂಗ ಕಚ್ಚು ಇರೋ ಪಟ್ಟಿ ಮಾಡಿದ, ಕಚ್ಚಿಗೊಂದು ವಾಯರ್. ಉಳದಿದ್ದು ನಾಕು ವಾಯರ್, ರೂಢಿಲೆ ಐದು ಕಚ್ಚು ಹಾಕಿದ್ದ. ಐದನೇದು ಬೀಗರಿಗೇನ್ರಿ ಕಾಕಾ ಅಂತ ಸುಫಿಯಾನ ಕಾಡಿದ.

ಧಾರವಾಡದಾಗ ಒಂದು ಹೆಸರಿಡೂ ಕಾರ್ಯ. ನಡುಮಧ್ಯಾಹ್ನ ಗುರುಪಾದ ಚೀಲ ತಗದ. ಐದನೇ ಕಚ್ಚಿನ್ಯಾಗ ಕೆಂಪು ದಾರದ ವಾಯರ್. ದ್ಯಾಮಣ್ಣನಂಗ ಎಡಗೈಲೆ ಸುತ್ತಿದ್ದು. ಪಿನ್ನಿಗೆ ಹಸಿ ಮಣ್ಣು, ವಿಭೂತಿ ವಾಸನಿ. ಓಡಿ ಹೋಗತಿದ್ದ ಖರೇ, ಶಿವಬಸವ್ವನ ಮಾರಿ ಕಣ್ಣಿಗೆ ಬಂತು. ಕ್ಯಾಮೆರಾಕ್ಕ ಚುಚ್ಚಿ ಹೆಡ್‌ಫೋನ್ ಹಾಕ್ಕೊಂಡ. ವಾಯರಿನ ಆ ಕಡೆ ತುದಿಗೆ ಮೈಕ್ ಇಲ್ಲ, ತುದಿ ಬರೇ ನೆಲದ ಮ್ಯಾಲ ಬಿದ್ದಿತ್ತು.

"ಗುರ್ಯಾ, ಆವಾಜ್ ಬರಾಕತ್ತೈತೇನು?"

ಬಟ್ಟು ರೆಕಾರ್ಡ್ ಬಟನ್ ಮ್ಯಾಲನ ಇತ್ತು. ಒತ್ತೂಕಿಂತ ಮೊದ್ಲ ಬಾಯಿ ಅಂದುಬಿಟ್ಟಿತು.

"ಬಂತು. ಸಾಕು."

ದನಿ ನಿಂತಿತು. ಆಮ್ಯಾಲ ಒತ್ತಿದ. ಸಿಕ್ಕಿದ್ದು ಬರೇ ಮಣ್ಣು ಸರಿಯೋ ಸಪ್ಪಳ. ಬಗ್ಗಿ ನೋಡ್ತಾನ, ವಾಯರ್ ಇಲ್ಲ. ಕಚ್ಚಿನ್ಯಾಗ ಚಿಟಿಕಿ ಮಣ್ಣು.

ಈಗ ಎಲ್ಲಿ ಹ್ವಾದ್ರೂ ಮೊದ್ಲ ರೆಕಾರ್ಡ್ ಒತ್ತಿ, ಬಾಯಾಗ ಟವೆಲ್ ತುರಕ್ಕೊಂಡು ಚೀಲ ತಗೀತಾನ. ಆ ವಾಯರ್ ಮತ್ತ ಬಂದಿಲ್ಲ.

ಗುರುಪಾದ, ದ್ಯಾಮಣ್ಣ ಬಂದಿದ್ದ ನಿಮ್ಮ ಮನಿ ಮದವ್ಯಾಗ ನೀವು ಫೋನಿಲೆ ತಗದ ವಿಡಿಯೋ ಇದ್ರ ಕಿವಿಗೊಟ್ಟು ಕೇಳ್ರಿ. ಹಿಂದಿಂದ ಯಾರರ ಆವಾಜ್ ಬರಾಕತ್ತೈತೇನು ಅಂತ ಕೇಳಿದ್ರ ಶಿವಬಸವ್ವಗ ಮುಟ್ಟಸ್ರಿ. ಇಲ್ಲಂದ್ರ ಈ ಮಾತು ಮುಂದಿನವ್ರಿಗೆ ಕಳಸ್ರಿ. ಆ ದನಿಗೆ ಉತ್ತರ ಮಾತ್ರ ಕೊಡಬ್ಯಾಡ್ರಿ.