ಹೊಲಿಗೆ ಕೋಣೆಗೆ ಬಂದ ಹಾಡುಗಳು

ಟೈಲರಮ್ಮ ಅಂಗಿಯ ಪಕ್ಕೆಯ ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಒಳಕ್ಕೆ ಹಿಡಿದು, ಮತ್ತೆ ಸೂಜಿಯ ಕೆಳಗೆ ಇಟ್ಟಳು. ಹೋದ ವರ್ಷ ಗಂಡನ ಮೈಗೆ ಸರಿಯಾಗಿ ಕೂತಿದ್ದ ಅಂಗಿ. ಆಸ್ಪತ್ರೆಯವರು ಅವನನ್ನು ಕೊನೆಯ ಸಲ ಹೊರಗೆ ಕಳಿಸುವ ಹೊತ್ತಿಗೆ ಅದರೊಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗವಾಗಿತ್ತು.

"ಯಾರಮ್ಮ ನೋಡ್ತಾರೆ ಈಗ?" ಮಗಳು ಬಾಗಿಲಲ್ಲಿ ನಿಂತು ಕೇಳಿದಳು. "ಪೆಟ್ಟಿಗೇಲಿ ಮಲಗಿರೋರಿಗೆ ಅಂಗಿ ಸಡಿಲ ಆದ್ರೇನು, ಬಿಗಿ ಆದ್ರೇನು?"

"ನಾನು ನೋಡ್ತೀನಿ. ಟೈಲರ್ ಗಂಡ ದೊಗಳೆ ಅಂಗಿ ಹಾಕ್ಕೊಂಡು ಹೋದ ಅಂತ ಆಡ್ಕೊಳ್ಳೋರಿಗೇನು ಕಮ್ಮಿಯಾ?"

ಮಗಳು ನಗಲೂ ಆಗದೆ ಅಳಲೂ ಆಗದೆ ಮೂಗು ಒರೆಸಿಕೊಂಡಳು. "ಚಿತಾಗಾರದೋರು ಮತ್ತೆ ಫೋನ್ ಮಾಡಿದ್ರು. ಪೆಟ್ಟಿಗೆ ಒಳಗೆ ಹೋಗೋವಾಗ ಒಂದು ಹಾಡು ಹಾಕ್ತಾರಂತೆ. ಯಾವುದು ಅಂತ ಮನೆಯವರೇ ಹೇಳ್ಬೇಕಂತೆ."

"ನೀನೇ ಹೇಳು."

"ಅಪ್ಪ ನನಗೆ ಕೇಳಿಸಿದ್ದೆಲ್ಲ ನನಗೆ ಹಿಡಿಸೋ ಹಾಡು. ಅಪ್ಪಂಗೆ ಹಿಡಿಸಿದ್ದು ಯಾವುದು ಅಂತ ನನಗೇನು ಗೊತ್ತು? ಇಡೀ ಜೀವಮಾನ ಅಪ್ಪನ ಜೊತೆ ಒಂದೇ ಕೋಣೇಲಿ ಕೂತಿದ್ದೋಳು ನೀನಲ್ವಾ?"

"ನನ್ನ ಹತ್ರ ಹಾಡು ಕೇಳೋದು ಒಂದೇ, ಕುರುಡಿ ಹತ್ರ ಬಣ್ಣ ಕೇಳೋದು ಒಂದೇ" ಎಂದು ಟೈಲರಮ್ಮ ಹಲ್ಲಿನಿಂದ ದಾರ ಕಡಿದಳು.

ಗಂಡ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ. ಅದು ಹೊಟ್ಟೆಪಾಡು. ಜನ ಅವನನ್ನು ಬಲ್ಲದ್ದು ಶುಕ್ರವಾರದ ಕೊನೆಯ ಪುಟದ ಮೂಲೆಯಲ್ಲಿ ಬರುತ್ತಿದ್ದ 'ಹೊಸದೇನು' ಎಂಬ ಅಂಕಣದಿಂದ. ದೊಡ್ಡ ಕಂಪನಿಗಳ ಬೆನ್ನಿಲ್ಲದೆ, ಗ್ಯಾರೇಜಿನಲ್ಲೋ ಬಾಡಿಗೆ ಕೋಣೆಯಲ್ಲೋ ಸದ್ದು ಹೊರಹೋಗದಂತೆ ಗೋಡೆಗೆ ಹಾಸಿಗೆ ಆನಿಸಿಕೊಂಡು ಹಾಡು ರೆಕಾರ್ಡ್ ಮಾಡುವ ತಂಡಗಳಿರುತ್ತವೆ. ಅಂಥವರ ಹೊಸ ಹಾಡುಗಳಲ್ಲಿ ವಾರಕ್ಕೊಂದನ್ನು ಆರಿಸಿ, 'ಇದನ್ನು ಕೇಳಿ' ಎಂದು ಅವನು ಬರೆಯುತ್ತಿದ್ದ. ಹೊಗಳಿಕೆ ಇರುತ್ತಿರಲಿಲ್ಲ. ಯಾರು ಹಾಡಿದರು, ಎಲ್ಲಿ ರೆಕಾರ್ಡ್ ಮಾಡಿದರು, ಯಾವ ವಾದ್ಯ ಎಲ್ಲಿ ಸುಮ್ಮನಾಗುತ್ತದೆ, ಇಷ್ಟೇ. ಅಂಕಣ ಬಂದ ಮರುದಿನ, ಹೆಸರೇ ಕೇಳಿರದ ತಂಡದ ಹಾಡು ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಕಾಲೇಜಿನ ಮೆಟ್ಟಿಲ ಮೇಲೆ ಕೇಳಿಸುತ್ತಿತ್ತು. ಮೊದಲು ಹಾಡುಗಳು ಅವನಿಗೆ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು, ಆಮೇಲೆ ಸೀಡಿಯಲ್ಲಿ, ಕೊನೆಕೊನೆಗೆ ಫೋನಿನಲ್ಲಿ.

ಹೀಗೆ ಊರಿಗೆಲ್ಲ ಹಾಡು ತೋರಿಸಿದವನು ಹೆಂಡತಿಗೆ ಮಾತ್ರ ಎಷ್ಟೋ ವರ್ಷಗಳಿಂದ ಒಂದನ್ನೂ 'ಕೇಳು' ಎಂದಿರಲಿಲ್ಲ. ಬಟ್ಟೆಯಲ್ಲಿ ಮರೆತುಹೋದ ಗುಂಡುಸೂಜಿಯಂತೆ ಅದು ಅವಳನ್ನು ಆಗೀಗ ಚುಚ್ಚುತ್ತಿತ್ತು. ಈಗ ನೋಡಿದರೆ ಅವನನ್ನು ಬೀಳ್ಕೊಡುವ ಹಾಡನ್ನು ಅವಳೇ ಹೇಳಬೇಕಂತೆ. ತಪ್ಪು ಹಾಡು ಹೇಳಿದರೆ ತಿದ್ದಲು ಅವನಿಲ್ಲ.

*

ಮದುವೆಯಾದ ಹೊಸದರಲ್ಲಿ ಅವನು ಕೇಳುತ್ತಿದ್ದ. ಕ್ಯಾಸೆಟ್ಟು ಹಾಕಿ, ಹಾಡು ಮುಗಿಯುವವರೆಗೂ ಅವಳ ಮುಖವನ್ನೇ ನೋಡುತ್ತ ಕೂತು, "ಹೇಗಿದೆ?" ಎನ್ನುತ್ತಿದ್ದ.

"ಚೆನ್ನಾಗಿದೆ ರೀ."

"ಇದು?"

"ಇದೂ ಚೆನ್ನಾಗಿದೆ."

ಒಂದು ದಿನ ಅವನು ರೇಡಿಯೊದ ಮುಳ್ಳನ್ನು ಎರಡು ಸ್ಟೇಷನ್ನುಗಳ ನಡುವೆ ನಿಲ್ಲಿಸಿ, ಬರೀ ಗರಗರ ಸದ್ದು ಕೇಳಿಸಿ, "ಇದು ಹೇಗಿದೆ?" ಎಂದ.

"ತುಂಬಾ ಚೆನ್ನಾಗಿದೆ" ಎಂದಳು ಅವಳು.

ಅವನು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅವಳೂ ನಕ್ಕಳು. ಆಮೇಲೆ ಅವನು ಯಾವತ್ತೂ ಅವಳನ್ನು ಹಾಡಿನ ಬಗ್ಗೆ ಏನೂ ಕೇಳಲಿಲ್ಲ. ಕೆಲವು ವಾರ ಕಳೆದ ಮೇಲೆ ತನ್ನ ಮೇಜು, ಸ್ಪೀಕರು, ಕ್ಯಾಸೆಟ್ಟಿನ ರಟ್ಟಿನ ಡಬ್ಬಗಳನ್ನೆಲ್ಲ ಹೊತ್ತು ತಂದು ಅವಳ ಹೊಲಿಗೆ ಕೋಣೆಗೆ ಸೇರಿಸಿದ.

"ಆ ಕೋಣೆ ಖಾಲಿ ಬಿದ್ದಿದೆಯಲ್ಲ ರೀ. ಇಲ್ಲಿ ನನಗೇ ಕಾಲು ಚಾಚೋಕೆ ಜಾಗ ಇಲ್ಲ."

"ಇಲ್ಲಿ ಬೆಳಕು ಚೆನ್ನಾಗಿದೆ."

"ಹಾಡು ಕೇಳೋಕೆ ಬೆಳಕು ಯಾಕೆ?"

ಅವನು ಮೇಜನ್ನು ಗೋಡೆಗೆ ಆನಿಸಿ, ಅವಳಿಗೆ ಬೆನ್ನು ಹಾಕಿ ಕೂತ. ಮಗಳು ಹುಟ್ಟಿ, ಬೆಳೆದು, ಬೇರೆ ಮನೆ ಮಾಡಿದರೂ ಕೋಣೆಯ ವ್ಯವಸ್ಥೆ ಬದಲಾಗಲಿಲ್ಲ. ಅವಳು ಯಂತ್ರ ತುಳಿಯುವುದು, ಅವನು ಗೋಡೆ ನೋಡಿಕೊಂಡು ಹಾಡು ಹಾಕುವುದು. ಆ ಬೆನ್ನನ್ನೇ ಅವಳು ಉತ್ತರ ಎಂದುಕೊಂಡಿದ್ದಳು.

*

ಚಿತಾಗಾರದ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಎದುರಿಗೆ ಉಕ್ಕಿನ ಉರುಳೆಗಳ ಕಟ್ಟೆ, ಅದರ ಮೇಲೆ ಪೆಟ್ಟಿಗೆ, ಅದರಾಚೆ ಮುಚ್ಚಿದ ಬಾಗಿಲು. ಪೆಟ್ಟಿಗೆ ಒಳಗೆ ಹೋಗುವುದನ್ನು ಕಣ್ಣಾರೆ ನೋಡಬೇಕೆಂದು ಟೈಲರಮ್ಮ ಹಟ ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದಳು.

ಇಷ್ಟು ಜನ ಬರುತ್ತಾರೆಂದು ಅವಳು ಎಣಿಸಿರಲಿಲ್ಲ. ತಲೆಗೂದಲಿಗೆ ನೀಲಿ ಬಣ್ಣ ಹಚ್ಚಿದವರು, ತಲೆಯಲ್ಲಿ ಕೂದಲೇ ಇಲ್ಲದವರು, ಗಿಟಾರಿನ ಚೀಲ ಹೊತ್ತವರು, ಆಫೀಸಿನ ಬಟ್ಟೆಯಲ್ಲೇ ಓಡಿಬಂದವರು. ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದು ಎರಡು ಮಾತಾಡುತ್ತಿದ್ದರು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಹೋಗುವ ಮೊದಲು ಪ್ರತಿಯೊಬ್ಬರೂ ಒಮ್ಮೆ ಅವಳ ಕಾಲು ನೋಡುತ್ತಿದ್ದರು.

ಅವಳು ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು. "ಚಪ್ಪಲಿ ಅದಲುಬದಲು ಹಾಕ್ಕೊಂಡು ಬಂದಿದ್ದೀನಾ, ನೋಡೇ?"

"ಇಲ್ಲಮ್ಮ, ಸರಿಯಾಗೇ ಇದೆ" ಎಂದಳು ಮಗಳು.

ಆಗ ಬಾಗಿಲಷ್ಟು ಅಗಲದ ಒಬ್ಬ ಮನುಷ್ಯ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಡ್ರಮ್ಸ್ ಬಾರಿಸುವವನು. ಜೊತೆಯವರು ಅವನನ್ನು ಗುಡುಗು ಎಂದು ಕರೆಯುತ್ತಿದ್ದರು.

"ಇದೇ ಕಾಲಾ ಅಮ್ಮ?"

"ಯಾವ ಕಾಲಪ್ಪ?"

"ನಮ್ಮ ಮೂರು ಹಾಡು ಈ ಕಾಲಡಿ ಸತ್ತೋದ್ವು. ನಾಲ್ಕನೇದು ಬದುಕ್ತು. ನಾವೂ ಬದುಕಿದ್ವಿ."

ಟೈಲರಮ್ಮ ಪಕ್ಕದಲ್ಲಿ ಕೂತಿದ್ದ ಸಂಪಾದಕಿಯ ಕಡೆ ತಿರುಗಿದಳು. ಪತ್ರಿಕೆಯ ಕೊನೆಯ ಪುಟ ನೋಡಿಕೊಳ್ಳುತ್ತಿದ್ದವಳು ಈಕೆಯೇ, ಅಂಕಣ ಮೊದಲು ಓದುತ್ತಿದ್ದವಳೂ ಈಕೆಯೇ. "ಏನಮ್ಮ ಇದು? ಈತ ಏನು ಹೇಳ್ತಿದ್ದಾನೆ?"

ಸಂಪಾದಕಿ ಕನ್ನಡಕ ತೆಗೆದಳು. "ಅಯ್ಯೋ! ನಿಮಗೆ ಕೊನೇವರೆಗೂ ಹೇಳಲೇ ಇಲ್ವಾ?"

"ಏನನ್ನ?"

"ಹೊಸ ಹಾಡು ಬಂದ್ರೆ ಸರ್ ನೀವು ಹೊಲಿಯೋವಾಗ ಹಾಕೋರು. ಯಂತ್ರ ಓಡ್ತಾನೇ ಇದ್ರೆ ಹಾಡು ವಾಪಸ್ಸು. ನಿಮ್ಮ ಕಾಲು ನಿಂತ್ರೆ ಶುಕ್ರವಾರ ಪೇಪರ್‌ನಲ್ಲಿ. ತಿರುಗಿ ನೋಡಿದ್ರೆ ನಿಮಗೆ ಗೊತ್ತಾಗ್ಬಿಡತ್ತೆ ಅಂತ ಗೋಡೆ ಕಡೆ ಮುಖ ಮಾಡಿ ಕೂರೋರಂತೆ. ಯಾಕೆ ಸರ್ ನಮ್ಮ ಹಾಡು ಬರೀಲಿಲ್ಲ ಅಂತ ಹುಡುಗ್ರು ಕೇಳಿದ್ರೆ, ಮನೇಲಿ ಹೊಲಿಗೆ ನಿಲ್ಲಲಿಲ್ಲ ಕಣಪ್ಪ, ನಾನೇನು ಮಾಡ್ಲಿ ಅನ್ನೋರು. ಇಲ್ಲಿರೋರಿಗೆಲ್ಲ ಗೊತ್ತು."

ಟೈಲರಮ್ಮನ ಮುಖ ಕೆಂಪಾಯಿತು. "ನನ್ನನ್ನೇ ಕೇಳ್ಬಹುದಿತ್ತಲ್ಲ?"

"ಕೇಳಿದ್ದಕ್ಕೆ ನೀವು ರೇಡಿಯೊ ಗರಗರ ತುಂಬಾ ಚೆನ್ನಾಗಿದೆ ಅಂದ್ರಂತೆ!" ಎಂದ ಗುಡುಗು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

"ಅವಳ ಬಾಯಿಗೆ ದಾಕ್ಷಿಣ್ಯ ಜಾಸ್ತಿ, ಕಾಲಿಗಿಲ್ಲ. ಹಾಗನ್ನೋರು" ಎಂದಳು ಸಂಪಾದಕಿ.

"ಕಳ್ಳ!" ಟೈಲರಮ್ಮ ಪೆಟ್ಟಿಗೆಯ ಕಡೆ ನೋಡಿ ಗಟ್ಟಿಯಾಗಿಯೇ ಅಂದಳು. "ಹೆಸರು ನಿಮ್ಮದು, ಕಾಲು ನಂದಾ? ಒಂದು ಮಾತು ಹೇಳಿದ್ರೆ ಗಂಟೇನು ಹೋಗ್ತಿತ್ತು?"

"ನಾನೂ ಹೇಳ್ಬಿಡಿ ಸರ್ ಅಂದಿದ್ದೆ" ಎಂದಳು ಸಂಪಾದಕಿ. "ಹೇಳಿದ ದಿನದಿಂದ ಅವಳು ನನಗೋಸ್ಕರ ಕಾಲು ನಿಲ್ಲಿಸ್ತಾಳೆ, ಆಮೇಲೆ ಕತೆ ಮುಗೀತು ಅಂದ್ರು. ಆಸ್ಪತ್ರೆಗೆ ಹೊಸ ಹಾಡು ಕಳಿಸಿದ್ದೆ, ಅಲ್ಲಿಂದ್ಲೇ ಬರೀರಿ ಅಂತ. ಒಪ್ಪಲಿಲ್ಲ. ಇಲ್ಲಿ ಬರೀ ಕಿವಿ ಇದೆ, ತೀರ್ಪು ಮನೇಲಿದೆ ಅಂದ್ರು."

ಟೈಲರಮ್ಮ ಕುರ್ಚಿಯಲ್ಲಿ ಅರ್ಧ ತಿರುಗಿ ಸಭಾಂಗಣವನ್ನು ನೋಡಿದಳು. ಅಷ್ಟು ಮುಖಗಳೂ ಅವಳನ್ನೇ ನೋಡುತ್ತಿದ್ದವು. ಒಂದೊಂದು ಮುಖವೂ ಒಂದೊಂದು ಮಧ್ಯಾಹ್ನ ಹಾಡಾಗಿ ತನ್ನ ಹೊಲಿಗೆ ಕೋಣೆಗೆ ಬಂದು, ತನ್ನ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ನಿಂತಿತ್ತು. ತಾನು ಗುಂಡಿಗೆ ಕಾಜಾ ಹಾಕುತ್ತಲೋ ಅಂಚು ಮಡಿಸುತ್ತಲೋ ಇದ್ದದ್ದು, ಅಷ್ಟೇ. ಒಂದು ಹಾಡು ಊರಿಗೆ ಹೋಯಿತೋ ಮನೆಗೆ ಮರಳಿತೋ ಎಂಬುದು ಆ ಅಂಚಿನಲ್ಲಿ ನಿರ್ಧಾರವಾಗುತ್ತಿತ್ತು. 

*

ಹಿಂದೊಮ್ಮೆ, ಒಂದು ಸೆಕೆಯ ಮಧ್ಯಾಹ್ನ, ಅವಳು ಶಾಲೆಯ ಸಮವಸ್ತ್ರಗಳ ರಾಶಿ ಮುಂದಿಟ್ಟುಕೊಂಡು ಕೂತಿದ್ದಳು. ಬೆನ್ನ ಹಿಂದೆ ಗಂಡ ಏನೋ ಹಾಡು ಹಾಕಿದ. ಒಬ್ಬ ಹೆಂಗಸಿನ ದನಿ, ಜೊತೆಗೆ ಯಾರೋ ಮರದ ಪೆಟ್ಟಿಗೆಯ ಮೇಲೆ ಬೆರಳು ಬಡಿಯುವ ಸದ್ದು, ಬೇರೇನಿಲ್ಲ. ಆ ದನಿ ಎತ್ತರಕ್ಕೆ ಹೋಗುತ್ತದೆಂದು ಕಾದರೆ ಹೋಗಲಿಲ್ಲ. ಕೆಳಗೇ ಉಳಿಯಿತು, ಕಿವಿಯ ಹತ್ತಿರ ಬಗ್ಗಿ ಮಾತಾಡುವವರ ಹಾಗೆ. ಟೈಲರಮ್ಮನಿಗೆ ತಾಯಿಯ ನೆನಪಾಯಿತು. ಯಾಕೆಂದು ಗೊತ್ತಾಗಲಿಲ್ಲ, ಅವಳ ತಾಯಿ ಹಾಡಿದವಳೇ ಅಲ್ಲ. ಹಾಡು ಮುಗಿದಾಗ ಯಂತ್ರವೂ ನಿಂತುಹೋಗಿತ್ತು. ಅವಳು ಬೆಚ್ಚಿ, ಸೂಜಿಗೆ ದಾರ ಪೋಣಿಸುವವಳಂತೆ ಬಗ್ಗಿದಳು.

"ದಾರ ತುಂಡಾಯ್ತಾ?" ಅವನು ತಿರುಗದೆ ಕೇಳಿದ.

"ಹೂಂ."

"ನಿಧಾನವಾಗಿ ಹಾಕ್ಕೋ. ಅವಸರ ಇಲ್ಲ."

ಆ ವರ್ಷಗಳಲ್ಲೆಲ್ಲ ದಾರ ಬಹಳ ಸಲ ತುಂಡಾಗಿತ್ತು. ದಾರದ ಅಂಗಡಿಯವನ ಜೊತೆ ಅವಳು ಸುಳ್ಳುಸುಳ್ಳೇ ಜಗಳ ಕೂಡ ಆಡಿ ಬಂದಿದ್ದಳು, ಗಂಡನಿಗೆ ಅನುಮಾನ ಬರದಿರಲಿ ಎಂದು.

*

"ಅಮ್ಮ, ಹೊತ್ತಾಯ್ತು." ಚಿತಾಗಾರದ ಮೇಲ್ವಿಚಾರಕ ಬಂದು ಬಗ್ಗಿ ಹೇಳಿದ. "ಯಾವ ಹಾಡು ಹಾಕೋಣ?"

 ತನ್ನ ಹಾಡು ಹಾಕಿ ಎನ್ನುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಮಗಳು ಕಿವಿಯಲ್ಲಿ ಪಿಸುಗುಟ್ಟಿದಳು: "ಗುಡುಗು ತಂಡದ ನಾಲ್ಕನೇದು ಅಂದ್ಬಿಡಮ್ಮ. ಎಲ್ಲರಿಗೂ ಗೊತ್ತಿರೋದು."

"ಎಲ್ಲರಿಗೂ ಗೊತ್ತಿರೋದು ಇವರಿಗ್ಯಾಕೆ?" ಟೈಲರಮ್ಮ ಎದ್ದು ನಿಂತಳು. ಇಷ್ಟು ಜನರೆದುರು ಅವಳು ಹಿಂದೆಂದೂ ಬಾಯಿ ತೆರೆದವಳಲ್ಲ. "ಇವರು ಒಂದು ಹಾಡನ್ನ ಎರಡನೇ ವಾರ ಹಿಡ್ಕೊಂಡು ಕೂತವರಲ್ಲ. ಹೊಸದು ಯಾರ ಹತ್ರ ಇದೆ? ಯಾರೂ ಕೇಳದೇ ಇರೋದು?"

 ಗುಡುಗು ನೆಲ ನೋಡಿದ. "ನಿಮ್ಮೆದುರಿಗೆ ಹೊಸದು ಹಾಡೋದು ಅಂದ್ರೆ ಅಮ್ಮ... ಎದೆ ನಡುಗತ್ತೆ."

"ಇವತ್ತು ನನ್ನ ಮುಂದೆ ಹೊಲಿಗೆ ಇಲ್ಲಪ್ಪ. ಧೈರ್ಯವಾಗಿ ಹಾಡಿ."

ಹಿಂದಿನ ಬಾಗಿಲ ಹತ್ತಿರ ಒಬ್ಬ ಹೆಂಗಸು ಕೈ ಎತ್ತಿದಳು. ನಡುವಯಸ್ಸು. ಕನ್ನಡಕದ ಅಂಗಡಿಯ ಬಿಳಿ ಕೋಟು, ಜೇಬಿನ ಮೇಲೆ ಅಂಗಡಿಯ ಬಿಲ್ಲೆ. ಊಟದ ವಿರಾಮದಲ್ಲಿ ಬಂದವಳಿರಬೇಕು.

"ನಂದೊಂದಿದೆ. ಸರ್‌ಗೆ ಕಳಿಸಿದ್ದೆ. ಕೇಳೋಕೆ ಮುಂಚೆ ಆಸ್ಪತ್ರೆ ಸೇರಿದ್ರು."

"ವಾದ್ಯ ಬೇಕಾ?" ಎಂದ ಗುಡುಗು.

"ಬೇಡ. ಬರೀ ಬಾಯಿ."

"ಅಲ್ಲಿಂದ್ಲೇ ಹಾಡು ತಾಯಿ" ಎಂದಳು ಟೈಲರಮ್ಮ.

ಹಾಡಿನ ಮೊದಲ ಸಾಲಿನಲ್ಲಿ ಆ ಹೆಂಗಸಿನ ದನಿ ನಡುಗಿತು. ಎರಡನೆಯದರಲ್ಲಿ ಎಲ್ಲೋ ಕಾಲೂರಿ ನಿಂತಿತು. ಹಾಡಿನಲ್ಲಿ ಒಬ್ಬ ಮುದುಕ ಅಂಗಡಿಗೆ ಬರುತ್ತಾನೆ, ಹೊಸ ಕನ್ನಡಕ ಹಾಕಿಕೊಳ್ಳುತ್ತಾನೆ. ಅಂಗಡಿಯವಳು ಅಕ್ಷರದ ಹಲಗೆ ತೋರಿಸಿ ಓದಿ ಅನ್ನುತ್ತಾಳೆ. ಅವನು ಹಲಗೆ ನೋಡುವುದಿಲ್ಲ. ಜೊತೆಗೆ ಬಂದವಳ ಕೈ ಗಾಜಿನ ಮೇಜಿನ ಮೇಲಿದೆ, ಅದನ್ನು ನೋಡುತ್ತಾನೆ. 'ಇಷ್ಟು ಗೆರೆ ಯಾವಾಗ ಬಂದವು' ಎಂದು ಕೇಳುತ್ತಾನೆ. ಅಷ್ಟೇ ಕತೆ. ಆದರೆ 'ಯಾವಾಗ' ಎಂಬಲ್ಲಿ ರಾಗ ಇಳಿಯಬೇಕಾದದ್ದು ಇಳಿಯದೆ ಮೇಲಕ್ಕೆದ್ದು, ಎದ್ದಲ್ಲೇ ನಿಂತು, ಕೆಳಗೆ ನೋಡಿತು. ಪ್ರತಿ ಸಲವೂ ಅದು ಇನ್ನೊಂದು ಮೆಟ್ಟಿಲು ಮೇಲಿತ್ತು. ಇಲ್ಲಿಂದಾಚೆ ಮನುಷ್ಯರ ಗಂಟಲಿಗೆ ಜಾಗವಿಲ್ಲ ಅನ್ನಿಸುವಲ್ಲೂ ಅವಳು ಇನ್ನೊಂದು ಮೆಟ್ಟಿಲು ಹುಡುಕಿದಳು. ಬಿಳಿ ಕೋಟಿನ ಆ ಸಣ್ಣ ಹೆಂಗಸಿನೊಳಗಿಂದ ಅಷ್ಟು ದೊಡ್ಡದು ಹೊರಗೆ ಬರುತ್ತಿರುವುದನ್ನು ಜನ ಕತ್ತು ತಿರುಗಿಸಿ, ಆಮೇಲೆ ಕುರ್ಚಿ ತಿರುಗಿಸಿ, ಆಮೇಲೆ ಎದ್ದು ನಿಂತು ನೋಡಿದರು.

ಹಾಡು ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಂಗಸು ಕೋಟಿನ ತೋಳಿನಿಂದ ಬಾಯಿ ಒರೆಸಿಕೊಂಡು, ತಾನೇ ಏನೋ ತಪ್ಪು ಮಾಡಿದವಳ ಹಾಗೆ ಟೈಲರಮ್ಮನನ್ನು ನೋಡಿದಳು. ಟೈಲರಮ್ಮನ ಬಾಯಿಂದ ಚೆನ್ನಾಗಿದೆ ಎಂಬ ಮಾತು ಬರಲಿಲ್ಲ. 

"ಅಮ್ಮಾ" ಎಂದು ಮಗಳು ಅವಳ ತೋಳು ಹಿಡಿದಳು.

ಟೈಲರಮ್ಮ ತಿರುಗಿದಳು. ಅವಳ ಜೊತೆ ಇಡೀ ಸಭಾಂಗಣ ತಿರುಗಿತು. ಕಟ್ಟೆ ಬರಿದಾಗಿತ್ತು. ಆಚೆಯ ಬಾಗಿಲು ಮುಚ್ಚಿತ್ತು. ಮೇಲ್ವಿಚಾರಕ ಪೆಟ್ಟಿಗೆ ಒಳಗೆ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ, ಹಾಡಿದವಳ ಕಡೆ ಮುಖ ಮಾಡಿ ನಿಂತಿದ್ದ. ಉಕ್ಕಿನ ಉರುಳೆಗಳಲ್ಲಿ ಕೊನೆಯದೊಂದು ಇನ್ನೂ ಮೆಲ್ಲಗೆ ತಿರುಗುತ್ತಿತ್ತು.