ಸಂದಿಯ ಜರೀಗಿಡಗಳು

ಗೋಡೆಯಾಚೆ ಟೈಲ್ಸ್ ಒಡೆಯುವ ಸದ್ದು ಮತ್ತೆ ಶುರುವಾದಾಗ ರತ್ನಾವತಿ ಪೈಪಿನ ಬಾಯಿಗೆ ಹೆಬ್ಬೆರಳೊತ್ತಿ ಜರೀಗಿಡಗಳ ಮೇಲೆ ನೀರು ಚಿಮುಕಿಸುತ್ತಿದ್ದಳು. ಮೈದುನ ಗಿರಿಧರ್ ಈಗ ಬಚ್ಚಲಿನ ನೆಲವನ್ನೇ ಅಗೆಸುತ್ತಿದ್ದ. ಹೋದ ತಿಂಗಳು ಅಡುಗೆಮನೆಯ ಪೈಪು ಬದಲಾಯಿಸಿದ್ದ. ಅದಕ್ಕೂ ಮೊದಲು ತಾರಸಿಗೆ ನೀರು ಇಳಿಯದಂಥ ಬಣ್ಣ ಬಳಿಸಿದ್ದ. ಆದರೂ ಕೆಳಗಿನಂತಸ್ತಿನಲ್ಲಿ ಅವನು ಮಲಗುವ ಕೋಣೆಯ ಗೋಡೆ ಒಣಗಿರಲಿಲ್ಲ. ರತ್ನಾವತಿ ಪೈಪನ್ನು ಅದೇ ಗೋಡೆಯ ಬುಡಕ್ಕೆ ತಿರುಗಿಸಿ ಹಾಗೇ ಹಿಡಿದು ನಿಂತಳು.

ಮದ್ರಾಸಿನ ತಾಂಬರಂನ ಆ ಸೈಟು ಅವಳ ಮಾವ ರೈಲ್ವೆಯಲ್ಲಿದ್ದಾಗ ಕೊಂಡದ್ದು. ಮಕ್ಕಳಿಬ್ಬರೂ ಹಂಚಿಕೊಂಡು ಅಕ್ಕಪಕ್ಕ ಕಟ್ಟಿದರು. ಅವಳ ಗಂಡ ಭೋಜರಾಜನದು ಒಂದೇ ಅಂತಸ್ತು, ತಮ್ಮ ಗಿರಿಧರನದು ಮಹಡಿ ಮನೆ. ನಡುವೆ ಒಬ್ಬರು ಓಡಾಡುವಷ್ಟು ಅಗಲದ ಸಂದಿ ಭೋಜರಾಜನ ಪಾಲಿಗೆ ಬಂದಿತ್ತು. ಅದನ್ನು ತನಗೆ ಬಿಟ್ಟುಕೊಡಲಿಲ್ಲವೆಂದು ಗಿರಿಧರ್ ಅಣ್ಣನ ಜೊತೆ ಮಾತು ಬಿಟ್ಟಿದ್ದ.

ಆಚೆ ವರ್ಷದ ಡಿಸೆಂಬರಿನ ಚಂಡಮಾರುತಕ್ಕೆ ಕೆರೆ ಕೋಡಿ ಬಿದ್ದು ಸಂಜೆಯ ಹೊತ್ತಿಗೆ ಮನೆಯೊಳಗೆ ಸೊಂಟದ ಮಟ್ಟಕ್ಕೆ ನೀರು ಬಂತು. ರತ್ನಾವತಿ ಗಂಡನನ್ನು ತಬ್ಬಿ ನಡೆಸಿಕೊಂಡು ಹೋಗಿ ಮೈದುನನ ಗೇಟು ಬಡಿದಳು. ಮೇಲೆ ದೀಪ ಉರಿಯುತ್ತಿತ್ತು. ಕಿಟಕಿಯ ಪರದೆ ಒಮ್ಮೆ ಸರಿದು ಮತ್ತೆ ಮುಚ್ಚಿತು. ದೋಣಿಯವರು ಬಂದು ಕರೆದೊಯ್ಯುವವರೆಗೂ ಇಬ್ಬರೂ ನೀರಿನಲ್ಲೇ ನಿಂತಿದ್ದರು. ಎದೆಗೆ ಶೀತ ಇಳಿದ ಭೋಜರಾಜ ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ವೈಕುಂಠ ಸಮಾರಾಧನೆಯ ದಿನ ಗಿರಿಧರ್ ನೆಂಟರೆಲ್ಲರ ಎದುರು, "ಗೇಟು ಬಡಿದದ್ದು ಕೇಳಿಸ್ಲೇ ಇಲ್ಲ ಅತ್ತಿಗೆ, ಮಳೆ ಶಬ್ದ," ಎಂದ. ಆಮೇಲೆ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ವರ್ಷಾಬ್ದಿಕ ಕಳೆದ ಮೇಲೆ ಅವಳು ತುಳಸಿ ಸಸಿ ತರಲು ನರ್ಸರಿಗೆ ಹೋಗಿದ್ದಳು. ಮೂಲೆಯಲ್ಲಿದ್ದ ಜರೀಗಿಡದ ಕುಂಡವನ್ನು ಸುಮ್ಮನೆ ಮುಟ್ಟಿ ನೋಡಿದಾಗ ಅಂಗಡಿಯವಳು, "ಇದುಕ್ಕು ವೆಯಿಲೇ ಆಗಾದುಮ್ಮಾ. ಈರಂ ಮಟ್ಟುಂ ಇರಣುಂ," ಎಂದಳು. ಬಿಸಿಲು ಆಗದು, ತೇವ ಮಾತ್ರ ಆರಬಾರದು. ರತ್ನಾವತಿ ತುಳಸಿ ಮರೆತು ಆಟೋ ತುಂಬ ಜರೀಗಿಡ ತಂದಳು.

ಮೊದಲು ಉಳಿ ಸುತ್ತಿಗೆ ಹಿಡಿದು ಮೈದುನನ ಗೋಡೆಯ ಬುಡದ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿದಳು. ಅದಕ್ಕೆ ಒತ್ತಿ ಪಾತಿ ಕಟ್ಟಿ, ಕೆಮ್ಮಣ್ಣು, ಕೊಳೆತ ಎಲೆ, ತೆಂಗಿನ ನಾರಿನ ಪುಡಿ ತುಂಬಿದಳು. ಸುಳಿ ಹೂತರೆ ಕೊಳೆಯುತ್ತದೆಂದು ಅದನ್ನು ಮಣ್ಣಿನ ಮೇಲೇ ಬಿಟ್ಟು ಬೇರು ಮಾತ್ರ ಮುಚ್ಚಿದಳು. ಬೆಳಿಗ್ಗೆ ಸಂಜೆ ನೀರು. ಬಿಸಿಲು ಕಾಣದ ಸಂದಿಯಲ್ಲಿ ಗಿಡಗಳು ಮೊಣಕಾಲೆತ್ತರ ಹಬ್ಬಿದವು. ನೀರು ಒಂದೊಂದೇ ಇಟ್ಟಿಗೆ ಹತ್ತಿ ಅವನ ಮಂಚದ ಮಟ್ಟಕ್ಕೆ ಬಂದಿರಬಹುದೆಂದು ಲೆಕ್ಕ ಹಾಕುತ್ತಾ ಅವಳು ನೆಮ್ಮದಿಯಾಗಿ ಊಟ ಮಾಡುತ್ತಿದ್ದಳು.

ಒಡೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಗಿರಿಧರ್ ಸಂದಿಯ ಬಾಯಲ್ಲಿ ಬಂದು ನಿಂತ. ತೇವ ಹೊರಗಿನಿಂದ ಬರುತ್ತಿದೆಯೆಂದು ಮೇಸ್ತ್ರಿ ಹೇಳಿರಬೇಕು. ಕುಕ್ಕರಗಾಲಲ್ಲಿ ಕೂತು ಎಲೆಗಳನ್ನು ಸರಿಸಿ, ಬೆತ್ತಲೆ ಇಟ್ಟಿಗೆಯ ಮೇಲಿನ ಉಳಿಯ ಗುರುತುಗಳನ್ನು ಬೆರಳಿನಿಂದ ಮುಟ್ಟಿದ.

"ಬೇಕೂಂತಲೇ ಕೆತ್ತಿದೀರ ಅತ್ತಿಗೆ."

"ಹೌದು."

ಕೂಗಾಡಲು ಎದ್ದವನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. "ಬೀರು ತುಂಬ ಬೂಷ್ಟು. ಆ ರೂಮಲ್ಲಿ ಮಲಗಲೇಬೇಡಿ ಅಂದಿದಾರೆ ಡಾಕ್ಟರು."

"ಉಸಿರು ಕಟ್ಟುತ್ತಾ?" ರತ್ನಾವತಿ ಕ್ಷೇಮ ವಿಚಾರಿಸುವಂತೆ ಕೇಳಿದಳು. "ನಿಮ್ಮಣ್ಣನಿಗೂ ಹಾಗೇ ಆಗ್ತಿತ್ತು."

ಗಿರಿಧರ್ ಒದ್ದೆ ಗೋಡೆಗೆ ಕೈಯೂರಿದ. ಆಮೇಲೆ ಅವಳ ಮುಖ ನೋಡದೆ ಹೇಳಿದ: "ಅವತ್ತು ಕೇಳಿಸ್ತು ಅತ್ತಿಗೆ. ಇನ್ನೊಂದ್ಸಲ ಬಡಿದ್ರೆ ಇಳಿದು ಹೋಗೋಣ ಅಂತ ನಿಂತಿದ್ದೆ. ನೀವು ಬಡೀಲಿಲ್ಲ."

ಈ ಮಾತೊಂದು ಕಿವಿಗೆ ಬಿದ್ದರೆ ಎದೆ ತಣ್ಣಗಾಗುತ್ತದೆಂದು ಅವಳು ನಂಬಿದ್ದಳು. ತಣ್ಣಗಾಗಲಿಲ್ಲ; ಇನ್ನಷ್ಟು ಉರಿಯಿತು.

"ಇಷ್ಟು ಹೇಳೋಕೆ ನಿನ್ನ ಗೋಡೆ ನೆನೀಬೇಕಾಯ್ತಾ?"

"ತಪ್ಪಾಯ್ತು. ಕಾಲಿಗೆ ಬೀಳ್ತೀನಿ, ಇದನ್ನ ಕಿತ್ತು ಆ ಕಡೆ ಹಾಕ್ಬಿಡಿ."

"ಮೇ ತಿಂಗಳ ಈ ಕತ್ತರಿ ಬಿಸಿಲಲ್ಲಿ ಕಿತ್ತರೆ ಜರೀಗಿಡ ಬದುಕಲ್ಲ ಗಿರಿ. ಮಳೆಗಾಲ ಹಿಡೀಲಿ, ನೋಡೋಣ."

ಅಕ್ಟೋಬರಿನಲ್ಲಿ ಹಿಡಿಯುವ ಮದ್ರಾಸಿನ ಮಳೆಗಾಲಕ್ಕೆ ಇನ್ನೂ ಎಷ್ಟು ದೂರವಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಅವನು ಹೊರಟುಹೋದ.

ಸ್ವಲ್ಪ ಹೊತ್ತಿನ ಮೇಲೆ ಗೋಡೆಯಾಚೆ ಭಾರದ ಬೀರುವನ್ನು ದರದರ ಎಳೆಯುವುದು ಕೇಳಿಸಿತು. ನಡುನಡುವೆ ಕೆಮ್ಮು. ರತ್ನಾವತಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಪಾತಿ ತುಂಬಿ, ಅಂಚಿನ ಇಟ್ಟಿಗೆ ದಾಟಿ, ಅವಳ ಪಾದಗಳನ್ನು ಬಳಸಿಕೊಂಡು ಅವಳದೇ ಮನೆಯ ಗೋಡೆಯ ಕಡೆಗೆ ಹರಿಯತೊಡಗಿತು.